ಖಾಲಿ ಜಾಗ ಅಳಿಸಿದವಳು

ಜೋರಾಪುರ ಪೇಟೆಯ ಆ ಟೈಪಿಂಗ್ ಅಂಗಡಿಗೆ ಸೇರಿದ ಮೊದಲ ವಾರದಿಂದಲೇ ನನಗೆ ಅಲ್ಲಿಯ ಮುದುಕರೊಬ್ಬರನ್ನು ಕಂಡರೆ ಆಗುತ್ತಿರಲಿಲ್ಲ. ಅವರು ನನಗೆ ಕೆಟ್ಟದ್ದೇನೂ ಮಾಡಿರಲಿಲ್ಲ. ಸಾರವಾಡದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬೆವರು ಒರೆಸಿಕೊಳ್ಳುತ್ತ ನಾನು ಒಳಗೆ ಕಾಲಿಟ್ಟರೆ, “ಬಾ ಬೇಟಿ, ಮೊದಲ ನೀರ ಕುಡಿ” ಅನ್ನುತ್ತಿದ್ದರು. ನನ್ನ ಮೈ ಉರಿಯಲು ಅಷ್ಟು ಸಾಕಾಗುತ್ತಿತ್ತು. ಕೆಲವರ ಒಳ್ಳೆಯತನದ ಮುಂದೆ ನಾವು ಸಣ್ಣವರಾಗಿ ಕಾಣುತ್ತೇವೆ. ಆಗ ನನಗೆ ಇಪ್ಪತ್ತಾರು ವರ್ಷ. ಯಾರ ಮುಂದೆಯೂ ಸಣ್ಣವಳಾಗಿ ಕಾಣಲು ನಾನು ತಯಾರಿರಲಿಲ್ಲ.

ಊರಿಗೆ ಊರೇ ಅವರನ್ನು ಚಾಚಾ ಎನ್ನುತ್ತಿತ್ತು. ಕೋರ್ಟಿನ ಎದುರಿನ ಬೇವಿನ ಗಿಡದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆಯುತ್ತ ತಲೆ ಬೆಳ್ಳಗೆ ಮಾಡಿಕೊಂಡವರು. ಟೈಪ್‌ರೈಟರ್ ಕಾಲ ಮುಗಿದಾಗ ನಮ್ಮ ಮಾಲಕರು ಅವರನ್ನು ಕರೆತಂದು ಒಂದು ಕಂಪ್ಯೂಟರ್ ಮುಂದೆ ಕೂರಿಸಿದರು. ಯಂತ್ರ ಬದಲಾಯಿತು, ಕೈ ಬದಲಾಗಲಿಲ್ಲ. ಗೆರೆ ಮುಗಿದ ಕೂಡಲೇ ಎಂಟರ್ ಒತ್ತುವರು. ತಲೆಬರಹ ನಡುವೆ ಬರಬೇಕಾದರೆ ಅಕ್ಷರ ಎಣಿಸಿ, ಉಳಿದ ಜಾಗ ಅರ್ಧ ಮಾಡಿ, ಅಷ್ಟು ಸಲ ಸ್ಪೇಸ್‌ಬಾರ್ ಕುಟ್ಟುವರು. ಪಟ್ಟಿ ಮಾಡಬೇಕಾದರೂ ಸ್ಪೇಸ್‌ಬಾರೇ. ಎಲ್ಲ ಮುಗಿದ ಮೇಲೆ ಹಾಳೆಯ ಕೆಳಗೆ ಎಡ ಮೂಲೆಯಲ್ಲಿ ತಮ್ಮ ಹೆಸರಿನ ಎರಡಕ್ಷರ ಹೊಡೆಯುವರು. ಹೊಡೆದವನು ಯಾರು ಎಂದು ಗೊತ್ತಿರಬೇಕಂತೆ, ತಪ್ಪಾದರೆ ಕೇಳಲಿಕ್ಕೆ. ಟೈಪ್‌ರೈಟರ್ ಕಾಲದ ರಿವಾಜು ಅದು.

ನಾನು ಆರು ತಿಂಗಳ ಕೋರ್ಸು ಮಾಡಿ ಬಂದವಳು. ಫೈಲಿಗೆ ಒಂದು ಎಲುಬಿರುತ್ತದೆ ಎಂದು ನನಗೆ ಕಲಿಸಿದ್ದರು. ಇದು ತಲೆಬರಹ, ಇದು ಒಳತಲೆಬರಹ, ಇದು ಕೋಷ್ಟಕ ಎಂದು ಕಂಪ್ಯೂಟರಿಗೆ ತಿಳಿಸಿ ಹೇಳಿದರೆ ಆ ಫೈಲನ್ನು ಯಾವ ತಂತ್ರಾಂಶದಲ್ಲಿ ತೆರೆದರೂ, ಮೊಬೈಲಿನಲ್ಲಿ ತೆರೆದರೂ, ರೂಪ ನಿಲ್ಲುತ್ತದೆ. ಕಣ್ಣಿಗೆ ಚೆಂದ ಕಾಣಲಿ ಎಂದು ಬರೀ ಸ್ಪೇಸ್ ತುಂಬಿದರೆ ಅದು ಆ ಒಂದು ಕಂಪ್ಯೂಟರಿನಲ್ಲಿ, ಆ ಒಂದು ಫಾಂಟಿನಲ್ಲಿ ಮಾತ್ರ ನೆಟ್ಟಗಿರುತ್ತದೆ. ಬೇರೆ ಕಡೆ ತೆರೆದರೆ ಕುಸಿಯುತ್ತದೆ. ಬಬಲೇಶ್ವರದ ಒಬ್ಬ ಹೆಡ್‌ಮಾಸ್ತರರು ಶಾಲೆಯ ವರದಿಯನ್ನು ಅರ್ಧ ಮೊಬೈಲಿನಲ್ಲಿ, ಅರ್ಧ ಲ್ಯಾಪ್‌ಟಾಪಿನಲ್ಲಿ ಮಾಡಿಕೊಂಡು ತಂದಿದ್ದರು. ಏಳನೆಯ ಅಂಶ ಆದಮೇಲೆ ಮತ್ತೆ ಒಂದನೆಯದು, ಆಟದ ಮೈದಾನದ ವಿಷಯ ಬಿಸಿಯೂಟದ ಹೊಟ್ಟೆಯೊಳಗೆ. ಅವರ ಚಹಾ ಮುಗಿಯುವುದರೊಳಗೆ ನಾನು ಅದನ್ನು ಸರಿ ಮಾಡಿ ಕೊಟ್ಟೆ. “ಭಾರಿ ಶಾಣ್ಯಾ ಅದಾಳ ಹುಡುಗಿ” ಎಂದು ಅವರು ಮಾಲಕರಿಗೆ ಹೇಳಿ ಹೋದರು. ಆ ಮಾತನ್ನು ನಾನು ಬಹಳ ದಿನ ಜಗಿದೆ.

ಆದರೂ ಹಳ್ಳಿಯವರು ಬಂದರೆ ಕೇಳುತ್ತಿದ್ದುದು ಚಾಚಾನನ್ನೇ. ನನ್ನ ಕೈ ಖಾಲಿ ಇದ್ದರೂ ಬೆಂಚಿನ ಮೇಲೆ ಕೂತು ಕಾಯುವರು. “ಇಲ್ಲಿ ಕೊಡ್ರಿ, ನಾ ಹೊಡದ ಕೊಡ್ತೇನಿ” ಅಂದರೆ, “ಇರ್ಲಿ ಬಿಡ್ರಿ ಅಕ್ಕಾರ, ಚಾಚಾ ಬರ್ಲಿ” ಅನ್ನುವರು. ಯಾಕೆಂದರೆ ಚಾಚಾ ಹೊಡೆದದ್ದನ್ನು ಓದಿ ಹೇಳುತ್ತಿದ್ದರು. ಓದು ಬಾರದವರ ಬೆರಳು ಹಿಡಿದು, “ಇಲ್ಲಿ ನಿನ್ನ ಹೆಸರ, ಇಲ್ಲಿ ನಿಮ್ಮ ಹೊಲದ ನಂಬರ” ಎಂದು ತೋರಿಸುತ್ತಿದ್ದರು. ಒಂದು ಪುಟಕ್ಕೆ ಅರ್ಧ ತಾಸು. ನಾನು ಅಷ್ಟು ಹೊತ್ತಿನಲ್ಲಿ ಆರು ಪುಟ ಹೊಡೆಯುತ್ತಿದ್ದೆ, ಮತ್ತು ನನ್ನ ಮುಂದಿನ ಬೆಂಚು ಖಾಲಿ ಇರುತ್ತಿತ್ತು.

ಹೊಟ್ಟೆಕಿಚ್ಚು ಎನ್ನುವ ಮಾತನ್ನು ಈಗ ಬರೆಯಬಲ್ಲೆ. ಆಗ ನಾನು ಅದಕ್ಕೆ ‘ಕೆಲಸದ ಶಿಸ್ತು’ ಎಂದು ಹೆಸರಿಟ್ಟಿದ್ದೆ.

ಒಂದು ದಿನ ಅಂಗಡಿ ತುಂಬ ಜನ ಇರುವಾಗ ಅವರ ಫೈಲೊಂದನ್ನು ತೆರೆದು, ಕಾಣದ ಗುರುತುಗಳನ್ನು ತೋರಿಸುವ ಬಟನ್ ಒತ್ತಿದೆ. ಅದನ್ನು ಒತ್ತಿದರೆ ಒಂದೊಂದು ಸ್ಪೇಸಿಗೂ ಒಂದೊಂದು ಚುಕ್ಕಿ ಮೂಡುತ್ತದೆ. ಪರದೆಯ ತುಂಬ ಸಜ್ಜೆ ಚೆಲ್ಲಿದ ಹಾಗೆ ಚುಕ್ಕಿಗಳು. ಪರದೆಯನ್ನು ಜನರ ಕಡೆ ತಿರುಗಿಸಿ, “ನೋಡ್ರಿ, ಚಾಚಾ ಅಕ್ಷರಕ್ಕಿಂತ ಹೆಚ್ಚು ಬಯಲ ಹೊಡದಾರ. ಸ್ಪೇಸ್‌ಬಾರ್ ಸವದ ಹೋಗೇತಿ, ಹೊಸಾದ ತರಸೂಣೇನ್ ಚಾಚಾ?” ಅಂದೆ. ಎಲ್ಲರೂ ನಕ್ಕರು. ಚಾಚಾ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ಅಬ್ಬಾ, ಇಷ್ಟ ಸಲ ಒತ್ತೇನೇನು ನಾ?” ಎಂದು ತಾವೂ ನಕ್ಕರು. ಅವರಿಗೆ ಸಿಟ್ಟು ಬರಲಿಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ತಿಕೋಟಾದ ದ್ರಾಕ್ಷಿ ಬೆಳೆಗಾರರ ಒಂದು ಸಂಘದ ಪಟ್ಟಿ ಕೆಟ್ಟಿತು. ಸದಸ್ಯರ ಹೆಸರು, ಊರು, ಎಷ್ಟು ಎಕರೆ ತೋಟ ಎಂದು ಚಾಚಾ ಸ್ಪೇಸ್ ಕುಟ್ಟಿ ಸಾಲುಗಟ್ಟಿ ಕೊಟ್ಟಿದ್ದರು. ಸಂಘದ ಕಾರ್ಯದರ್ಶಿ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಬೇರೆ ಫಾಂಟ್ ಹಾಕಿದ್ದೇ ತಡ, ಒಬ್ಬನ ಎಕರೆ ಇನ್ನೊಬ್ಬನ ಹೆಸರಿನ ಮುಂದೆ ಹೋಗಿ ನಿಂತಿತು. ಅವನು ಅಂಗಡಿಗೆ ಬಂದು ಕೂಗಾಡಿದ. ನಾನು ಎಲ್ಲವನ್ನೂ ಕೋಷ್ಟಕಕ್ಕೆ ಹಾಕಿ ಸರಿ ಮಾಡಿದೆ. ಅವನು ಹೋದ ಮೇಲೆ ಮಾಲಕರು, ಎಂದೂ ದನಿ ಏರಿಸದ ಮನುಷ್ಯ, ನೆಲ ನೋಡುತ್ತ ಹೇಳಿದರು: “ಚಾಚಾ, ಇನ್ನೊಂದ ಕಾಗದ ತಿರುಗಿ ಬಂತಂದ್ರ ನೀವು ಮನ್ಯಾಗ ಆರಾಮ ಕೂಡೂದು ಚಲೋ. ತಪ್ಪ ತಿಳಕೋಬ್ಯಾಡ್ರಿ.”

ಅವತ್ತು ಮಧ್ಯಾಹ್ನ ಚಾಚಾ ಡಬ್ಬಿ ಬಿಚ್ಚಲಿಲ್ಲ. “ಮನ್ಯಾಗ ಕೂತ್ರ ನನಗೇನ್ ಕಡಿಮಿಲ್ಲ ಬೇಟಿ, ಮಕ್ಕಳು ನೋಡ್ಕೋತಾರ” ಅಂದರು. “ಆದ್ರ ಈ ಬೆರಳ ಅದಾವಲ್ಲ, ಇವು ಕೂಡೂದಿಲ್ಲ. ಕೈ ಆಡೂತನಕಾ ಈ ಕುರ್ಚಿ ಇರ್ಲಿ ಅಂತ ಅಷ್ಟ ಆಸೆ ನಂದು.” ಆಗ ಅವರ ಕಣ್ಣಿನ ಪೊರೆ ತೆಗೆಸಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ರೊಟ್ಟಿ ಮುರಿಯುತ್ತ, ಕಿಟಕಿಯ ಗಾಳಿ ನೇರ ಬೀಳುವ ಆ ಕುರ್ಚಿಯನ್ನು ನೋಡಿದೆ.

ಹೊನವಾಡದ ಹೆಂಗಸು ಬಂದದ್ದು ಒಂದು ಮಂಗಳವಾರ. ನಲವತ್ತೈದರ ಆಸುಪಾಸು. ಅಪ್ಪ ತೀರಿಕೊಂಡಿದ್ದ. ಅಪ್ಪನಿಗೆ ಇಬ್ಬರು ಹೆಂಡಿರು. ಹಿರಿಯಳಿಗೆ ಇವಳೊಬ್ಬಳೇ ಮಗಳು, ಆ ತಾಯಿ ಬೇಗ ಸತ್ತಿದ್ದಳು. ಕಿರಿಯಳಿಗೆ ಮೂವರು ಗಂಡುಮಕ್ಕಳು. ಇವಳು ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆ ಬಿಟ್ಟು ಬಂದು, ಅಂದಿನಿಂದ ಅಪ್ಪನ ಮನೆಯಲ್ಲೇ ಇದ್ದಳು. ಅಪ್ಪನ ಕಡೆಯ ವರ್ಷಗಳಲ್ಲಿ ಅವನ ಹಾಸಿಗೆ ಬಟ್ಟೆ ಒಗೆದವಳೂ ಅವಳೇ. ಈಗ ಹೊಲ ವಾರಸದಾರರ ಹೆಸರಿಗೆ ಆಗಬೇಕಿತ್ತು. ಅದಕ್ಕೆ ವಂಶಾವಳಿ ಬೇಕು, ಅಂದರೆ ಸತ್ತವನಿಗೆ ಹೆಂಡಿರು ಯಾರು, ಮಕ್ಕಳು ಯಾರು ಎಂದು ತೋರಿಸುವ ಕಾಗದ. ತಮ್ಮಂದಿರು ಮಾಡಿಸಿದ್ದರಲ್ಲಿ ಇವಳ ಹೆಸರೇ ಇರಲಿಲ್ಲವಂತೆ. ಅದಕ್ಕೇ ತಾನೇ ಬಂದಿದ್ದಳು.

ಚಾಚಾನ ವಂಶಾವಳಿಗೆ ಒಂದು ರೀತಿ ಇತ್ತು. ಹೆಸರು, ವಯಸ್ಸು, ಅಷ್ಟೇ. ಯಾರು ಯಾರಿಗೆ ಏನಾಗಬೇಕು ಎಂದು ಅವರು ಬರೆಯುತ್ತಿರಲಿಲ್ಲ, ಹೆಸರು ಎಷ್ಟು ಒಳಗೆ ಸರಿದಿದೆ ಎನ್ನುವುದರಿಂದಲೇ ಅದು ತಿಳಿಯಬೇಕು. ತಂದೆಯ ಹೆಸರು ಅಂಚಿಗೆ, ಹೆಂಡಿರು ಹತ್ತು ಸ್ಪೇಸ್ ಒಳಗೆ, ಮಕ್ಕಳು ತಮ್ಮ ತಮ್ಮ ತಾಯಿಯ ಕೆಳಗೆ ಇಪ್ಪತ್ತು ಸ್ಪೇಸ್ ಒಳಗೆ. ಬೇವಿನ ಗಿಡದ ಕೆಳಗೆ ಸಾವಿರ ಮನೆತನಗಳನ್ನು ಅವರು ಹೀಗೇ ಇಳಿಸಿದ್ದರು.

ಹೊಡೆದು ಮುಗಿದ ಮೇಲೆ ಅವಳನ್ನು ಪರದೆಯ ಹತ್ತಿರ ಕರೆದು ಬೆರಳು ಹಿಡಿದರು. “ಇದು ನಿಮ್ಮಪ್ಪ. ಒಂದ ಹೆಜ್ಜಿ ಒಳಗ ಬಂದ್ರ ನಿಮ್ಮವ್ವ. ಇನ್ನೊಂದ ಹೆಜ್ಜಿ ಒಳಗ, ಆಕಿ ಉಡಿಯಾಗ, ನೀ. ಆಮ್ಯಾಲೆ ನಿಮ್ಮ ಸಣ್ಣವ್ವ, ಆಕಿ ಉಡಿಯಾಗ ಮೂರೂ ತಮ್ಮಗೋಳು.”

ಅವಳಿಗೆ ತನ್ನ ಹೆಸರು, ತಾಯಿಯ ಹೆಸರು ಓದುವಷ್ಟು ಅಕ್ಷರ ಬರುತ್ತಿತ್ತು. ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ನಿಂತಳು. “ನಮ್ಮವ್ವ ಸತ್ತಾಗ ನಾ ಎರಡ ವರ್ಷದಾಕಿ ರೀ ಚಾಚಾ. ಆಕಿ ಉಡಿಯಾಗ ಕೂತದ್ದ ನೆನಪ ಇಲ್ಲ ನನಗ. ಇಲ್ಲೆರ ಕೂತೆ ನೋಡ್ರಿ” ಎಂದು ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಾಚಾ ಕೂಡ ಕನ್ನಡಕ ತೆಗೆದರು. ನನಗೆ ಅದೆಲ್ಲ ನಾಟಕ ಅನಿಸಿತು. ನಾನು ಬೇಕೆಂದೇ ಝೆರಾಕ್ಸ್ ಯಂತ್ರ ಚಾಲೂ ಮಾಡಿದೆ.

ಅದನ್ನು ಸ್ಟ್ಯಾಂಪ್ ಪೇಪರಿನ ಮೇಲೆ ಪ್ರಿಂಟ್ ಮಾಡಬೇಕಿತ್ತು. ಸ್ಟ್ಯಾಂಪ್ ಪೇಪರ್ ಅವಳಿಗೆ ಸಿಕ್ಕಿದ್ದು ಶುಕ್ರವಾರ. ಮಧ್ಯಾಹ್ನ ಅವಳು ಅದನ್ನು ಹಿಡಿದುಕೊಂಡು ಬಂದಾಗ ಚಾಚಾ ನಮಾಜಿಗೆ ಹೋಗಿದ್ದರು. ಅವರ ಕಂಪ್ಯೂಟರಿನ ಹಳೆಯ ಪ್ರಿಂಟರ್ ಹಿಂದಿನ ದಿನವಷ್ಟೇ ಕೆಟ್ಟಿತ್ತು.

“ಚಾಚಾ ಬರೂತನಕ ಕೂಡ್ತೇನ್ರಿ” ಅಂದಳು.

“ಯಾಕ, ನನಗೇನ್ ಕೈ ಇಲ್ಲೇನು? ನಿಮ್ಮ ಬಸ್ ಹೋಗ್ತೈತಿ, ಕೊಡ್ರಿ ಇಲ್ಲಿ” ಅಂದೆ.

ಚಾಚಾನ ಪೆನ್‌ಡ್ರೈವ್ ತೆಗೆದು ನನ್ನ ಕಂಪ್ಯೂಟರಿಗೆ ಹಾಕಿ ಫೈಲು ತೆರೆದೆ. ಅದು ಹಳೆಯ ಫಾಂಟಿನಲ್ಲಿತ್ತು, ನನ್ನಲ್ಲಿ ಅಕ್ಷರವೆಲ್ಲ ಕಲಸಿಹೋಗಿ ಕಂಡಿತು. ಆ ಫಾಂಟನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಅವರ ಹಳೆಯ ಫಾಂಟ್ ನನ್ನ ಕಂಪ್ಯೂಟರಿಗೆ ಹತ್ತಕೂಡದು ಎಂದು ನನಗೆ ಹಟ. ಯೂನಿಕೋಡಿಗೆ ಬದಲಾಯಿಸಿದೆ. ಅಕ್ಷರ ಸರಿಯಾದವು, ಸಾಲುಗಳ ನಡುವೆ ಸ್ಪೇಸಿನ ದೊಡ್ಡ ದೊಡ್ಡ ತೂತುಗಳು ಉಳಿದವು. ಚಾಚಾನ ಯಾವ ಫೈಲಿನ ಪ್ರತಿ ಕೈಗೆ ಬಂದರೂ ನಾನು ಮಾಡುತ್ತಿದ್ದ ಒಂದು ಕೆಲಸವಿತ್ತು. ಎರಡು ಸ್ಪೇಸ್ ಇದ್ದಲ್ಲಿ ಒಂದು ಮಾಡು, ಎಲ್ಲ ಕಡೆ ಮಾಡು, ಇನ್ನು ಇಲ್ಲ ಎನ್ನುವವರೆಗೆ ಮಾಡು. ಕೈ ತಾನಾಗಿ ಅದನ್ನು ಮಾಡಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಅದನ್ನು ಮಾಡುವಾಗ ನನಗೆ ಎಂಥ ಖುಷಿಯಾಗುತ್ತಿತ್ತು ಎಂದರೆ, ಇನ್ನೊಬ್ಬರ ಮನೆಯ ಕಸ ಗುಡಿಸಿ ಅವರ ಮುಂದೆಯೇ ಹೊರಗೆ ಚೆಲ್ಲಿದ ಖುಷಿ.

ತಲೆಬರಹವನ್ನು ದಪ್ಪ ಮಾಡಿ, ಸರಿಯಾದ ರೀತಿಯಲ್ಲೇ ನಡುವೆ ತಂದೆ. ಹೆಸರುಗಳೆಲ್ಲ ಎಡ ಅಂಚಿಗೆ ಒಂದರ ಕೆಳಗೊಂದು ನೆಟ್ಟಗೆ ನಿಂತವು. ಅಚ್ಚುಕಟ್ಟಾಗಿ ಕಂಡಿತು. ಅದೇ ಹೆಸರಿನಲ್ಲಿ, ಅದೇ ಪೆನ್‌ಡ್ರೈವಿನಲ್ಲಿ, ಹಳೆಯದರ ಮೇಲೆಯೇ ಉಳಿಸಿದೆ. ಕೆಳಗಿನ ಎಡ ಮೂಲೆಯ ಎರಡಕ್ಷರ ತೆಗೆಯಲಿಲ್ಲ. ಕೆಲಸ ಅವರದು, ನಾನು ಗುಡಿಸಿದ್ದಷ್ಟೇ.

“ಚಾಚಾ ತೋರಿಸಿದಂಗ ಐತೇನ್ರಿ ಅಕ್ಕಾರ?” ಎಂದು ಅವಳು ಕೇಳಿದಳು.

“ಅದಕ್ಕಿಂತ ಚಲೋ ಐತಿ” ಅಂದೆ.

ತಾಯಿಯ ಹೆಸರಿನ ಕೆಳಗೆ ತನ್ನ ಹೆಸರಿದ್ದುದನ್ನು ಅವಳು ನೋಡಿಕೊಂಡಳು. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಹೊರಟಳು. ನೋಟರಿಯವರು ಓದದೆ ಮೊಹರು ಒತ್ತಿದರು. ನಮಾಜು ಮುಗಿಸಿ ಬಂದ ಚಾಚಾನಿಗೆ, “ನಿಮ್ಮ ಹೊನವಾಡದಾಕಿ ಬಂದಿದ್ಳು, ಪ್ರಿಂಟ್ ಕೊಟ್ಟ ಕಳಿಸೇನಿ” ಅಂದೆ. “ಪುಣ್ಯ ಬರ್ತದ ಬೇಟಿ” ಅಂದರು.

ಮೂರು ವಾರದ ಮೇಲೆ ಅವಳು ಮತ್ತೆ ಬಂದಳು. ಚಾಚಾ “ಬಾ ತಂಗಿ” ಅಂದದ್ದಕ್ಕೆ ಉತ್ತರ ಕೊಡಲಿಲ್ಲ. ನೇರ ಮಾಲಕರ ಮೇಜಿನ ಮೇಲೆ ಆ ಕಾಗದ ಇಟ್ಟಳು. ಚಾವಡಿಯಲ್ಲಿ ಪಂಚರ ಮುಂದೆ ಅದನ್ನು ಓದಿದ್ದರಂತೆ. ಅವಳು ಅಳದೆ, ದನಿ ಏರಿಸದೆ ಹೇಳಿದಳು:

“ಇಪ್ಪತ್ತ ಮಂದಿ ಇದ್ರು ರೀ. ಒಬ್ಬ ಪಂಚ ಕಾಗದ ಇಸಕೊಂಡು ದೊಡ್ಡ ದನಿ ತಗದು ಓದಿದ. ಮೊದಲ ನಮ್ಮಪ್ಪನ ಹೆಸರ. ಅದರ ಕೆಳಗ ನಮ್ಮವ್ವ. ಅದರ ಕೆಳಗ ಅದ ಸಾಲಿನ್ಯಾಗ ನಾ. ನನ್ನ ಕೆಳಗ ಸಣ್ಣವ್ವ. ‘ಏನಲೇ, ಇವಗ ಮೂರ ಮಂದಿ ಹೆಂಡ್ರೇನು? ನಡುವಿನಾಕಿ ಇನ್ನೂ ಮನ್ಯಾಗ ಅದಾಳಲ್ಲ!’ ಅಂದ. ಎಲ್ಲಾರೂ ನಕ್ಕರು. ನಮ್ಮ ಸಣ್ಣ ತಮ್ಮನೂ ನಕ್ಕ. ಅಂವನ ತೊಟ್ಟಲಾ ನಾ ತೂಗೇನ್ರಿ. ನಮ್ಮಪ್ಪನ ಹೇಲು ಉಚ್ಚಿ ಬಳದಾಕಿ ನಾ. ಅಂವನ ಹೆಂಡ್ತಿ ಅಂತ ಓದಿದ್ರು ನನ್ನ.”

ತಮ್ಮಂದಿರ ಹೆಸರೂ ಅದೇ ಅಂಚಿನಲ್ಲಿ, ಅದೇ ಸಾಲಿನಲ್ಲಿ ನಿಂತಿದ್ದವು. ಅವರಿಗೇನೂ ಆಗಲಿಲ್ಲ. ಜಾಗ ತಪ್ಪಿದರೆ ಹೆಂಗಸಿನ ಹೆಸರು ಮಾತ್ರ ಅಷ್ಟು ಸುಲಭವಾಗಿ ಹೊಲಸಾಗುತ್ತದೆ. ಕಾಗದವನ್ನು ದೂರದಿಂದ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಹತ್ತು ಸ್ಪೇಸ್, ಇಪ್ಪತ್ತು ಸ್ಪೇಸ್. ನಾನು ಗುಡಿಸಿ ಚೆಲ್ಲಿದ್ದು ಕಸವಲ್ಲ, ಅವಳ ತಾಯಿಯ ಉಡಿ.

ಮಾಲಕರು ಹಾಳೆಯ ಕೆಳಗಿನ ಮೂಲೆ ನೋಡಿದರು. “ಚಾಚಾ” ಎಂದು ಕರೆದರು.

ಚಾಚಾ ಕಾಗದ ಹಿಡಿದು ಬಹಳ ಹೊತ್ತು ನೋಡಿದರು. “ಇದು ನಾ ಹೊಡದದ್ದಲ್ರಿ. ನಾ ಹಿಂಗ ಹೊಡಿಯೂದಿಲ್ಲ.” ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಸಂಶಯವಿದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಅಲ್ಲಿ ಇದ್ದುದು ಭರವಸೆ. “ನೀ ನೋಡಿದ್ದಿ ಅಲ್ಲ ಬೇಟಿ? ಮಂಗಳವಾರ ಆಕಿಗೆ ನಾ ತೋರಿಸಿದ್ದೆ ಅಲ್ಲ?”

“ಪ್ರಿಂಟ್ ಈ ಅಕ್ಕಾರು ಕೊಟ್ಟಾರ” ಅಂದಳು ಹೊನವಾಡದವಳು.

ಈಗ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಯೋಚಿಸಲು ಸಮಯ ಸಿಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಮಯ ಬೇಕಾದಷ್ಟಿತ್ತು. “ನಾ ಪ್ರಿಂಟ್ ಒತ್ತೇನಿ ಅಷ್ಟರಿ. ಹೊಡದವ್ರು ಯಾರು ಅಂತ ಕೆಳಗ ಐತಲ್ಲ” ಅಂದೆ. ಆಮೇಲೆ, ಯಾರೂ ಕೇಳದಿದ್ದರೂ, “ಫೈಲ್ ತಗೀರಿ ಚಾಚಾ. ನಿಮ್ಮ ಕಂಪ್ಯೂಟರ್‌ನ್ಯಾಗ ತಗೀರಿ. ಗೊತ್ತಾಗ್ತದ” ಅಂದೆ. ಅಲ್ಲಿ ಏನು ಕಾಣುತ್ತದೆ ಎಂದು ಆ ಅಂಗಡಿಯಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ.

ಚಾಚಾ ಅವಸರದಿಂದ ಪೆನ್‌ಡ್ರೈವ್ ಹಾಕಿದರು. ತಮ್ಮ ಕೈಕೆಲಸವನ್ನು ತೋರಿಸುವ ಉಮೇದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು. ಫೈಲು ತೆರೆಯಿತು. ಎಡ ಅಂಚಿಗೆ ಒಂದರ ಕೆಳಗೊಂದು ಏಳೂ ಹೆಸರು. ಅವರು ಪರದೆಯನ್ನು ಬೆರಳಿನಿಂದ ಒರೆಸಿದರು. ಮುಚ್ಚಿ ಮತ್ತೆ ತೆರೆದರು.

“ಅಕ್ಷರದ ರೂಪ ಬ್ಯಾರೆ ಕಾಣಾಕತ್ತೈತಲ್ಲ...” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಫಾಂಟ್ ಬದಲಾಗಿದ್ದುದನ್ನು ಆ ಪೊರೆ ತೆಗೆಸಿದ ಕಣ್ಣು ಹಿಡಿದಿತ್ತು. ಇನ್ನೊಂದು ಹೆಜ್ಜೆ ಹೋಗಿದ್ದರೆ ನನ್ನ ಹತ್ತಿರ ಬಂದು ಮುಟ್ಟುತ್ತಿದ್ದರು.

“ಅದು ನಿಮ್ಮ ಕಣ್ಣು, ಚಾಚಾ” ಅಂದೆ ನಾನು.

ಅಷ್ಟು ಮೆತ್ತಗೆ ನಾನು ಅವರೊಂದಿಗೆ ಅದಕ್ಕಿಂತ ಮುಂಚೆ ಎಂದೂ ಮಾತಾಡಿರಲಿಲ್ಲ.

ಅವರಿಗೆ ಫೈಲು ಎಂದರೆ ಹಾಳೆ. ಟೈಪ್‌ರೈಟರಿನಲ್ಲಿ ಒಮ್ಮೆ ಹೊಡೆದದ್ದು ಹೊಡೆದಲ್ಲೇ ಕೂರುತ್ತದೆ, ಆಮೇಲೆ ಬಂದು ಯಾರೂ ಅಕ್ಷರ ಸರಿಸಲಾರರು. ಫೈಲನ್ನು ಕಡೆಗೆ ಮುಟ್ಟಿದವರು ಯಾರು, ಏನು ಅಳಿಸಿದರು ಎನ್ನುವುದು ಮೇಲೆ ಕಾಣುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳಿಕೊಡಬಹುದಿತ್ತು. “ಫೈಲ್‌ನ್ಯಾಗ ಹಿಂಗ ಐತಿ” ಎಂದು ನಿಧಾನವಾಗಿ ಅಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅಂದ್ರ ನಾನ ಹೊಡದೇನಿ” ಅಂದರು.

ಎದ್ದು ಹೊನವಾಡದವಳ ಮುಂದೆ ಕೈ ಮುಗಿದು ನಿಂತರು. “ತಂಗಿ, ನಿಮ್ಮವ್ವನ ಉಡಿಯಾಗ ಕೂಡಸ್ತೇನಂತ ಹೇಳಿ ನಿನ್ನ ಬಯಲಾಗ ನಿಂದ್ರಿಸಿದೆ. ಅಲ್ಲಾ ನನ್ನ ಮಾಫ್ ಮಾಡೂದಿಲ್ಲ.” ಅವಳು ಬೈದಿದ್ದರೆ ಚೆನ್ನಾಗಿತ್ತು. ಅವರ ಮುಖ ಕೂಡ ನೋಡದೆ ನನಗೆ, “ಹೊಸಾದ ಮಾಡಿ ಕೊಡ್ರಿ” ಅಂದಳು. ಮಾಡಿಕೊಟ್ಟೆ. ಗಟ್ಟಿ ಕೋಷ್ಟಕ, ಒಂದೊಂದು ಹೆಸರಿನ ಮುಂದೆಯೂ ಸಂಬಂಧ ಏನೆಂದು ಬರೆದ ಅಂಕಣ, ಯಾವ ತಂತ್ರಾಂಶದಲ್ಲಿ ತೆರೆದರೂ ಅಲುಗದ ಹಾಗೆ. ಅದರ ಮೇಲೆ ಹೊಲದಲ್ಲಿ ಅವಳ ಪಾಲು ಅವಳಿಗೆ ಬಂತು ಎಂದು ಆಮೇಲೆ ಕೇಳಿದೆ. ಆ ಕೋಷ್ಟಕ ಇವತ್ತಿಗೂ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಮಾಲಕರು ಚಾಚಾನಿಗೆ ಏನೂ ಹೇಳಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಅವರು ನನಗಿಂತ ಮೊದಲೇ ಬಂದಿದ್ದರು. ಹಸಿ ಬಟ್ಟೆಯಿಂದ ಕೀಬೋರ್ಡ್ ಒರೆಸುತ್ತಿದ್ದರು, ಸ್ಪೇಸ್‌ಬಾರನ್ನು ಎರಡು ಸಲ. ಪೆನ್‌ಡ್ರೈವ್ ನನ್ನ ಕೈಯಲ್ಲಿಟ್ಟರು. “ಬೇಟಿ, ನಾ ಹೊಡದದ್ದೆಲ್ಲಾ ಇದರಾಗ ಅದಾವ. ಎಲ್ಲಾ ಒಮ್ಮೆ ನೋಡಿಬಿಡು. ಇನ್ನೂ ಯಾರ್ಯಾರ ಮನಿ ಕೆಡಿಸೇನೋ ಏನೋ.” ನೀರಿನ ಬಾಟಲಿ ತೆಗೆದುಕೊಂಡು, ಡಬ್ಬಿ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದರು.

ಆ ಮಧ್ಯಾಹ್ನ ನಾನು ಅವರ ಕುರ್ಚಿಯಲ್ಲಿ ಕೂತು ಆ ಫೈಲುಗಳನ್ನು ಒಂದೊಂದಾಗಿ ತೆರೆದೆ. ತಪ್ಪು ಸಿಗಲಿ ಎಂದೇ ತೆರೆದೆ. ಒಂದು ಸಿಕ್ಕಿದ್ದರೂ ನನಗೆ ನಿದ್ದೆ ಬರುತ್ತಿತ್ತು. ಅರ್ಜಿ, ಕರಾರುಪತ್ರ, ವಂಶಾವಳಿ, ಮತ್ತೆ ವಂಶಾವಳಿ. ನಾನು ಕೆಡಿಸಿದ್ದೊಂದನ್ನು ಬಿಟ್ಟರೆ, ಅವರ ಕಂಪ್ಯೂಟರಿನಲ್ಲಿ, ಅವರ ಫಾಂಟಿನಲ್ಲಿ, ಎಲ್ಲ ಮಕ್ಕಳೂ ತಮ್ಮ ತಮ್ಮ ತಾಯಿಯ ಕೆಳಗೆ ಇದ್ದರು. ಹತ್ತು, ಇಪ್ಪತ್ತು, ಮೊಮ್ಮಕ್ಕಳಾದರೆ ಮೂವತ್ತು. ಎಲ್ಲಿಯೂ ಒಂದು ಸ್ಪೇಸ್ ಹೆಚ್ಚಿರಲಿಲ್ಲ, ಒಂದು ಕಡಿಮೆ ಇರಲಿಲ್ಲ. ಸಂಜೆ ಮಾಲಕರು ಕೇಳಿದರು, “ನೋಡಿದೇನು? ಹೆಂಗದಾವ?”

“ನೋಡಾಕತ್ತೇನ್ರಿ. ಸರಿ ಮಾಡಬೇಕಾಗ್ತದ ಭಾಳ” ಅಂದೆ.

ಕಿಟಕಿಯ ಗಾಳಿ ನಿಜವಾಗಿಯೂ ಆ ಕುರ್ಚಿಗೆ ನೇರ ಬೀಳುತ್ತಿತ್ತು.

ಇದಾಗಿ ನಾಲ್ಕು ವರ್ಷ. ಈ ವರ್ಷ ಬೇಸಿಗೆಗೆ ಹೊನವಾಡದವಳು ಬೇರೆ ಯಾವುದೋ ಕಾಗದಕ್ಕೆ ಬಂದಳು. ಹೊಲ ಹೇಗಿದೆ ಎಂದು ಕೇಳಿದೆ. “ಹೊಲ ಚಲೋ ಐತ್ರಿ” ಅಂದಳು. “ಊರಾಗ ಮಾತ್ರ ಇನ್ನೂ ನಡುವಿನಾಕಿ ಅಂತಾರ ನನಗ. ಸಣ್ಣ ಹುಡುಗರಿಗೆ ಯಾಕಂತ ಗೊತ್ತಿಲ್ಲ, ಅದ ನನ್ನ ಹೆಸರ ಅಂತ ತಿಳದಾವ.” ಹೊರಡುವಾಗ ಖಾಲಿ ಬೆಂಚು ನೋಡಿ, “ಚಾಚಾಗ ಅವತ್ತ ನಾ ಒಂದ ಮಾತ ಆಡಬೇಕಿತ್ರಿ. ಮುದುಕಾ ಮನುಷ್ಯಾ. ಬೇಕಂತ ಮಾಡಿರ್ತಾರೇನು?” ಅಂದಳು.

ಚಾಚಾನ ಮನೆ ಅಂಗಡಿಯಿಂದ ಎರಡೇ ಓಣಿ ದೂರ. ನಾಲ್ಕು ವರ್ಷದಲ್ಲಿ ನಾನು ಆ ಓಣಿಗೆ ಕಾಲಿಟ್ಟಿರಲಿಲ್ಲ. ಮರುದಿನ ಊಟದ ಹೊತ್ತಿಗೆ ಹೋದೆ. ಅವರ ಹೆಂಡತಿ, ಚಾಚಿ, ಬಾಗಿಲು ತೆಗೆದರು. ಚಾಚಾ ಮಂಚದ ಮೇಲೆ ಕೂತಿದ್ದರು, ಮೈ ಇಳಿದಿತ್ತು. ನನ್ನನ್ನು ನೋಡಿ, “ಬಾ ಬೇಟಿ, ಮೊದಲ ನೀರ ಕುಡಿ” ಅಂದರು. ಅವರು ಗುಳಿಗೆ ತೆಗೆದುಕೊಳ್ಳುವ ಹೊತ್ತು ಅದು. ಎರಡು ಗುಳಿಗೆಯನ್ನು ಅಂಗೈಯಲ್ಲಿ ಹಾಕಿಕೊಂಡು ಚಾಚಿಗೆ ತೋರಿಸಿ, “ಎರಡ ಅದಾವಲ್ಲ?” ಎಂದು ಕೇಳಿದರು. ಚಾಚಿ “ಹೂಂ, ಎರಡ” ಅಂದ ಮೇಲೆ ಬಾಯಿಗೆ ಹಾಕಿಕೊಂಡರು. “ನನ್ನ ಮ್ಯಾಲೆ ನನಗ ಭರೋಸಾ ಇಲ್ಲ ಬೇಟಿ” ಎಂದು ನಕ್ಕರು. “ಕೀಲಿ ಹಾಕ್ತೇನಿ, ಹಾಕೇನೋ ಇಲ್ಲೋ ಗೊತ್ತಾಗೂದಿಲ್ಲ. ಕಾಗದಕ್ಕಂತೂ ಕೈ ಹಚ್ಚೂದ ಬಿಟ್ಟೇನಿ. ಸಹಿ ಸುದ್ದಾ ಈಕಿ ನೋಡಿದ ಮ್ಯಾಲೆ ಮಾಡ್ತೇನಿ.”

ನಾನು ಹೇಳಿದೆ. ಸುತ್ತಿ ಬಳಸದೆ ಹೇಳಿದೆ. ಆ ಶುಕ್ರವಾರ, ಫಾಂಟ್, ಸ್ಪೇಸು, ಹಳೆಯ ಫೈಲಿನ ಮೇಲೆಯೇ ಉಳಿಸಿದ್ದು, ಕಣ್ಣು ಅಂದದ್ದು. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅದಕ್ಕೂ ನನ್ನ ಮೇಲೆಯೇ ಹೇಸಿಗೆಯಾಯಿತು.

ಚಾಚಾ ಪೂರ್ತಿ ಕೇಳಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. “ಹುಚ್ಚಿ. ನನ್ನ ಸಮಾಧಾನಕ್ಕ ಇಷ್ಟ ದೊಡ್ಡ ಸುಳ್ಳ ಹೇಳ್ತಾರೇನು?”

“ಸುಳ್ಳಲ್ರಿ ಚಾಚಾ. ನಿಮ್ಮಾಣಿ, ನಾನ ಅಳಿಸೇನಿ.”

“ನನಗ ನೆನಪ ಐತಿ ಬೇಟಿ. ಅವತ್ತ ಮುಂಜಾನೆ ಕಣ್ಣಿಗೆ ಔಷಧ ಬಿಟ್ಕೊಂಡಿದ್ದೆ. ಎಲ್ಲಾ ಮಂಜ ಮಂಜ ಕಾಣ್ತಿತ್ತು. ಸ್ಪೇಸ್‌ಬಾರ್ ಒತ್ತೇನಂತ ತಿಳದೆ, ಒತ್ತೇ ಇರಲಿಲ್ಲ. ಕೈಗೆ ಇನ್ನೂ ನೆನಪ ಐತಿ.” ಅದು ನಡೆದೇ ಇರಲಿಲ್ಲ. ಆ ಮಂಗಳವಾರ ಅವರ ಪರದೆಯ ಮೇಲೆ ಆ ಹೆಸರುಗಳು ಒಂದೊಂದು ಹೆಜ್ಜೆ ಒಳಗೆ ಸರಿದು ನಿಂತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ನಾಲ್ಕು ವರ್ಷ ಕೂತು ಅವರು ಆ ತಪ್ಪನ್ನು ಚೂರು ಚೂರಾಗಿ ಕಟ್ಟಿಕೊಂಡಿದ್ದರು. ಬಿಚ್ಚಿ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಹೊಡೆದ ಫೈಲಿನ ಮೇಲೆ ನಾನು ನನ್ನದನ್ನು ಉಳಿಸಿದ್ದೆ.

“ನೋಡ” ಎಂದು ಚಾಚಿಗೆ ಹೇಳಿದರು, “ಈ ಹುಡುಗಿ ನನ್ನ ತಪ್ಪ ತನ್ನ ಮ್ಯಾಲೆ ಹಾಕ್ಕೊಳ್ಳಾಕ ಬಂದಾಳ. ಎಂಥಾ ಮನಸ ನೋಡು. ಚಹಾ ಮಾಡು, ಕೆನಿ ಹಾಕಿ ಮಾಡು.”

ಚಾಚಿ ಚಹಾ ತಂದು ಕೊಟ್ಟರು. ನನ್ನ ಮುಖ ನೋಡಲಿಲ್ಲ. ಕುಡಿದು ಎದ್ದಾಗ ಬಾಗಿಲ ತನಕ ಬಂದರು, ಹೊಸ್ತಿಲು ದಾಟಿದ ಮೇಲೆ ಮೆಲ್ಲಗೆ ಅಂದರು: “ನಾಲ್ಕ ವರ್ಷಾತು. ದಿನಾ ಗುಳಿಗಿ ಎಣಿಸಿ ಹೇಳಾಕತ್ತೇನಿ ನಾನು. ಇನ್ನ ಮ್ಯಾಲೆ ಈ ಕಡೆ ಬರಬ್ಯಾಡ್ರಿ.” ಬಾಗಿಲು ಹಾಕಿಕೊಂಡರು.

ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗಿನಿಂದ ಚಾಚಾ, “ಚಿಲಕಾ ಹಾಕಿದೇನು?” ಎಂದು ಕೇಳಿದ್ದು ಕೇಳಿಸಿತು. ಹಾಕಿದ ಚಿಲಕವನ್ನು ಚಾಚಿ ಎರಡು ಸಲ ಜಗ್ಗಿ ತೋರಿಸಿದ ಸದ್ದೂ ಕೇಳಿಸಿತು.